ಇಂಜಿನಿಯರಿಂಗ್ ವಿಭಾಗಕ್ಕೆ ಬೆಳೆಗಾರರ ವಂತಿಗೆ: ಏಕೆ, ಎಷ್ಟು, ಹೇಗೆ?



ವಿದ್ಯಾದಾನ ಎಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ಬಗೆಯ ಕಲ್ಪನೆಗಳಿವೆ. ಒಂದು, ಊರಿನ ಶಾಲೆಗೆ ಕೊಠಡಿ ಕಟ್ಟಿಸಿ ಬಾಗಿಲ ಮೇಲೆ ತಂದೆತಾಯಿಯರ ಹೆಸರು ಬರೆಸುವುದು. ಇನ್ನೊಂದು, ಬಡ ವಿದ್ಯಾರ್ಥಿಗೆ ಫೀಸು, ಪುಸ್ತಕಗಳ ವ್ಯವಸ್ಥೆ ಮಾಡುವುದು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಇಂಜಿನಿಯರಿಂಗ್ ಕಾಲೇಜಿನ ಒಂದು ವಿಭಾಗಕ್ಕೆ ಅಡಿಕೆ, ಕಾಫಿ ಬೆಳೆಗಾರರು ಹಣ ಕೊಡಬೇಕು ಎಂದರೆ ಸಭೆಯಲ್ಲಿ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: "ಅವರೇ ಲಕ್ಷಗಟ್ಟಲೆ ಫೀಸು ವಸೂಲು ಮಾಡುತ್ತಾರೆ, ಅವರಿಗೆ ನಾವೇಕೆ ಕೊಡಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವ ಮೊದಲು ನಮ್ಮ ತೋಟಗಳ ಇಂದಿನ ಸ್ಥಿತಿಯನ್ನು ಒಮ್ಮೆ ನೋಡೋಣ. ಕೊನೆ ಕೊಯ್ಯುವವರಲ್ಲಿ ಹೆಚ್ಚಿನವರು ಈಗ ನಡುವಯಸ್ಸು ದಾಟಿದವರು. ಅವರ ಮಕ್ಕಳು ಮರ ಹತ್ತುವುದಿಲ್ಲ, ಹತ್ತಬೇಕೆಂದು ಹೇಳುವ ಅಧಿಕಾರವೂ ನಮಗಿಲ್ಲ. ಮಳೆಗಾಲದಲ್ಲಿ ಜಾರುವ ಮರದ ತುದಿಯಲ್ಲಿ ಕುಳಿತು ಮದ್ದು ಹೊಡೆಯುವ ಮನುಷ್ಯ ಒಬ್ಬ ಜಾರಿ ಬಿದ್ದರೆ ಒಂದು ಸಂಸಾರವೇ ಬೀಳುತ್ತದೆ. ಕಾಫಿಯಲ್ಲಿ ಕೊಯ್ಲಿನ ಹೊತ್ತಿಗೆ ಆಳು ಸಿಕ್ಕದೆ ಹಣ್ಣು ಗಿಡದ ಬುಡಕ್ಕೆ ಉದುರುವುದನ್ನು ನಾವೆಲ್ಲ ಕಂಡಿದ್ದೇವೆ. ಎಕರೆ, ಎರಡೆಕರೆಯ ಸಣ್ಣ ಹಿಡುವಳಿದಾರನಿಗೆ ಬೆಲೆಗಿಂತಲೂ ಈ ಆಳಿನ ಪ್ರಶ್ನೆಯೇ ದೊಡ್ಡದಾಗಿದೆ.

ಈಗ ಹಿಂದಕ್ಕೆ ನೋಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ನಮ್ಮ ಹಿರಿಯರಿಗೆ ತಾನಾಗಿ ಸಿಕ್ಕಿದ್ದಲ್ಲ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಆ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ, ಸುಣ್ಣಗಳ ಈ ಮದ್ದನ್ನು ರೂಢಿಗೆ ತಂದರು. ಕಾಫಿಗೆ 1925ರಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಬಂತು. ಅಡಿಕೆಗೆ 1956ರಲ್ಲಿ ವಿಟ್ಲದಲ್ಲಿ ಕೇಂದ್ರ ತೆರೆಯಿತು. ರೋಗಕ್ಕೆ, ತಳಿಗೆ, ಗೊಬ್ಬರಕ್ಕೆ ಹೀಗೆ ಒಂದೊಂದು ಮನೆ ಇದೆ. ಆದರೆ ಮರ ಹತ್ತುವ ಕೆಲಸಕ್ಕೆ, ಸುಲಿಯುವ, ಒಣಗಿಸುವ ಕೆಲಸಕ್ಕೆ, ಇಳಿಜಾರಿನಲ್ಲಿ ಹೊರೆ ಸಾಗಿಸುವ ಕೆಲಸಕ್ಕೆ ಬೇಕಾದ ಯಂತ್ರವಿದ್ಯೆಗೆ ಅಷ್ಟು ಗಟ್ಟಿಯಾದ ಮನೆ ಇಲ್ಲ. ಈವರೆಗೆ ನಮ್ಮ ತೋಟಗಳಿಗೆ ಬಂದ ಸಲಕರಣೆಗಳಲ್ಲಿ ಬಹುಪಾಲು ಊರಿನ ವರ್ಕ್‌ಶಾಪಿನ ಮೇಸ್ತ್ರಿಗಳೂ ಕೈಚಳಕದ ಬೆಳೆಗಾರರೂ ಸ್ವಂತ ಖರ್ಚಿನಲ್ಲಿ ಮಾಡಿ ಮುರಿದು ಮತ್ತೆ ಮಾಡಿದವು. ಅವರ ಬುದ್ಧಿವಂತಿಕೆಗೆ ಕೈ ಮುಗಿಯಬೇಕು. ಆದರೆ ಲೋಹದ ದಣಿವು ಎಷ್ಟು, ವಿದ್ಯುತ್ ನಿರೋಧ ಎಷ್ಟು, ಮೋಟಾರು ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆದು ಹೇಳುವ ಉಪಕರಣ ಅವರ ಬಳಿ ಇರುವುದಿಲ್ಲ. ಅದು ಇರುವುದು ಕಾಲೇಜಿನ ಪ್ರಯೋಗಶಾಲೆಯಲ್ಲಿ.

ಒಂದೇ ಉದಾಹರಣೆ ಹೇಳುತ್ತೇನೆ. ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಮದ್ದು ಹೊಡೆಯುವ ಉದ್ದನೆಯ ದೋಟಿಗಳು ಈಚಿನ ವರ್ಷಗಳಲ್ಲಿ ಜನಪ್ರಿಯವಾಗಿವೆ. ಅಲ್ಯೂಮಿನಿಯಂ ದೋಟಿ ಕರೆಂಟಿನ ತಂತಿಗೆ ತಗುಲಿದರೆ ಪ್ರಾಣಾಪಾಯ ಎಂಬುದು ಎಲ್ಲರಿಗೂ ತಿಳಿದಿದೆ. ಆದರೆ "ಇದು ಫೈಬರ್, ಕರೆಂಟು ಹೊಡೆಯುವುದಿಲ್ಲ" ಎಂದು ನಂಬಿ ಕಾರ್ಬನ್ ಫೈಬರ್ ದೋಟಿಯನ್ನು ತಂತಿಯ ಕೆಳಗೆ ಎತ್ತುವವರು ಎಷ್ಟೋ ಮಂದಿ. ಕಾರ್ಬನ್ ಫೈಬರಿನಲ್ಲಿರುವುದು ಇಂಗಾಲದ ಎಳೆ. ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ವಿದ್ಯುತ್ತನ್ನು ತಡೆಯುವುದು ಗಾಜಿನ ಎಳೆಯ ಫೈಬರ್, ಅದೂ ಒಣಗಿ ಶುಚಿಯಾಗಿದ್ದಾಗ. ಹೊರಗಿನಿಂದ ಬಣ್ಣ ಬಳಿದ ಮೇಲೆ ಎರಡನ್ನೂ ಕಣ್ಣಿನಿಂದ ಗುರುತಿಸುವುದು ಕಷ್ಟ. ಹಿಡಿಕೆಯ ಕಡೆಯ ಒಂದೆರಡು ತುಂಡುಗಳನ್ನು ಗಾಜಿನ ಎಳೆಯದಾಗಿ ಮಾಡಿದರೆ ತೂಕ ಎಷ್ಟು ಏರುತ್ತದೆ, ಮಳೆಯಲ್ಲಿ ನೆನೆದಾಗ, ಮೈಲುತುತ್ತದ ನೀರು ಮೈಮೇಲೆ ಇಳಿದಾಗ ಎಷ್ಟು ವೋಲ್ಟಿನವರೆಗೆ ತಡೆದೀತು ಎಂಬುದನ್ನು ಒಂದು ಎಲೆಕ್ಟ್ರಿಕಲ್ ವಿಭಾಗ ಪರೀಕ್ಷೆ ಮಾಡಿ ಹೇಳಬಲ್ಲದು. ಇಂಥ ಒಂದು ಪರೀಕ್ಷೆಯ ವೆಚ್ಚ ಒಂದು ಒಳ್ಳೆಯ ದೋಟಿಯ ಬೆಲೆಗಿಂತ ಬಹಳ ಹೆಚ್ಚೇನೂ ಆಗಲಿಕ್ಕಿಲ್ಲ. ಆದರೂ ಅದನ್ನು ಕೇಳಿ ಮಾಡಿಸಿಕೊಳ್ಳುವ ಯಜಮಾನ ಯಾರೂ ಇಲ್ಲ. ಆ ಯಜಮಾನಿಕೆ ಸಹಕಾರ ಸಂಘದ್ದಾಗಬಹುದು ಎಂಬುದೇ ಈ ಲೇಖನದ ವಿಚಾರ.

ದತ್ತಿಯಿಂದ ಹುಟ್ಟಿದ ಒಂದು ವಿಭಾಗ

ದಾನದಿಂದ ಇಂಜಿನಿಯರಿಂಗ್ ವಿಭಾಗ ಹುಟ್ಟಿ ಬೆಳೆದದ್ದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಪ್ರಯೋಜನಕರ. ಏಕೆಂದರೆ ದಾನ, ಪಾಲುದಾರಿಕೆ ಎರಡನ್ನೂ ಅಲ್ಲಿ ಕಾಣಬಹುದು.

ಜಮ್‌ಶೆಟ್‌ಜಿ ಟಾಟಾ ಅವರು 1890ರ ದಶಕದ ಕೊನೆಯಲ್ಲಿ ಉನ್ನತ ವಿಜ್ಞಾನ ಸಂಸ್ಥೆಯೊಂದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡಲು ಮುಂದಾದರು. ಗಮನಿಸಬೇಕಾದದ್ದು ಮೊತ್ತವನ್ನಲ್ಲ, ಅದರ ಸ್ವರೂಪವನ್ನು. ಅವರು ಕೊಟ್ಟದ್ದು ನಗದಿನ ಗಂಟಲ್ಲ, ಮುಂಬಯಿಯಲ್ಲಿ ಬಾಡಿಗೆ ಬರುತ್ತಿದ್ದ ಕಟ್ಟಡಗಳು ಮತ್ತು ನಿವೇಶನಗಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೊನೆ ಕೊಯ್ದು ಕೊಡಲಿಲ್ಲ, ಫಸಲಿಗೆ ಬಂದ ತೋಟವನ್ನೇ ಬಿಟ್ಟುಕೊಟ್ಟರು. ಮೈಸೂರು ಸಂಸ್ಥಾನ 371 ಎಕರೆ ಜಾಗವನ್ನು ಕೊಟ್ಟಿತಲ್ಲದೆ ಕಟ್ಟಡಕ್ಕೆ ಹಣವನ್ನೂ ವರ್ಷಾವಧಿ ಅನುದಾನವನ್ನೂ ಒಪ್ಪಿಕೊಂಡಿತು. ಭಾರತ ಸರ್ಕಾರ ವಾರ್ಷಿಕ ನೆರವು ಕೊಟ್ಟಿತು. ಹೀಗೆ ಒಬ್ಬರ ಮೂಲಧನ, ಇನ್ನೊಬ್ಬರ ನೆಲ, ಮತ್ತೊಬ್ಬರ ವಾರ್ಷಿಕ ಖರ್ಚು ಸೇರಿ ಸಂಸ್ಥೆ ನಿಂತಿತು. ಮೂರರಲ್ಲಿ ಯಾವ ಒಂದು ಇಲ್ಲದಿದ್ದರೂ ಕೆಲಸ ಕೆಡುತ್ತಿತ್ತು.

ಅದೂ ಸಲೀಸಾಗಿ ಆದದ್ದಲ್ಲ. ವೈಸರಾಯ್ ಕರ್ಜನ್ನನಿಗೆ ಈ ಯೋಜನೆಯಲ್ಲಿ ಅನುಮಾನಗಳಿದ್ದವು. ಕಲಿಯಲು ವಿದ್ಯಾರ್ಥಿಗಳು ಬರುತ್ತಾರೆಯೇ, ಕಲಿತವರಿಗೆ ಕೆಲಸ ಎಲ್ಲಿ, ಎಂದು. ಟಾಟಾ 1904ರಲ್ಲಿ ತೀರಿಕೊಂಡರು. ಸಂಸ್ಥೆಯ ಸ್ಥಾಪನೆಯ ಆಜ್ಞೆ ಹೊರಟದ್ದು 1909ರ ಮೇ ತಿಂಗಳಲ್ಲಿ, ಮೊದಲ ವಿದ್ಯಾರ್ಥಿಗಳು ಒಳಗೆ ಬಂದದ್ದು 1911ರ ಜುಲೈಯಲ್ಲಿ. ಮಕ್ಕಳು ತಂದೆಯ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆರಂಭದಲ್ಲಿ ಇದ್ದವು ರಸಾಯನಶಾಸ್ತ್ರದ ವಿಭಾಗಗಳು ಮತ್ತು ವಿದ್ಯುತ್ ತಂತ್ರವಿದ್ಯೆಯ ವಿಭಾಗ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದಿತ್ತು. ವಿದ್ಯುತ್ ಬಲ್ಲ ಜನ ಬೇಕಾಗಿದ್ದ ನಾಡಿನಲ್ಲಿಯೇ ವಿದ್ಯುತ್ ವಿಭಾಗ ಕಣ್ಣು ತೆರೆಯಿತು. ದಾನಿ ತನ್ನ ಹೆಸರನ್ನು ಸಂಸ್ಥೆಗೆ ಇಡಿಸಿಕೊಳ್ಳಲಿಲ್ಲ. ಆದರೂ ಬೆಂಗಳೂರಿನ ಹಳಬರು ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಗೋಡೆಯ ಮೇಲಿನ ಕಲ್ಲಿಗಾಗಿ ಹಟ ಹಿಡಿಯುವ ನಮ್ಮ ಕೆಲವು ದಾನಿಗಳು ಇದನ್ನು ಯೋಚಿಸಬಹುದು.

ಇದೇ ಸಂಸ್ಥೆಯಿಂದ ನಮ್ಮ ಅಡುಗೆಮನೆಗೆ ಬಂದ ಒಂದು ವಸ್ತುವಿದೆ. 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಅಲ್ಲಿ 'ಅಸ್ತ್ರ' ಎಂಬ ಹೆಸರಿನ ಗ್ರಾಮೀಣ ತಂತ್ರಜ್ಞಾನದ ಕಾರ್ಯಕ್ರಮ ಆರಂಭವಾಯಿತು. ಅಸ್ತ್ರ ಒಲೆ ಅಲ್ಲಿಂದ ಬಂದದ್ದು. ಆ ವಿಜ್ಞಾನಿಗಳು ಬೆಂಗಳೂರಿನಲ್ಲಿ ಕುಳಿತು ಒಲೆ ಮಾಡಲಿಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಕೇಂದ್ರ ಮಾಡಿಕೊಂಡು, ಒಂದು ಹಳ್ಳಿ ಎಷ್ಟು ಸೌದೆ ಸುಡುತ್ತದೆ, ಅದನ್ನು ಹೊರಲು ಹೆಂಗಸರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರು. ಹೊಗೆ ಕಡಿಮೆಯಾದ, ಸೌದೆ ಉಳಿಸುವ ಒಲೆ ಆ ಲೆಕ್ಕದಿಂದ ಹುಟ್ಟಿತು. ಪಾಲುದಾರಿಕೆ ಎಂದರೆ ಬರಿಯ ಚೆಕ್ಕಲ್ಲ, ಹಳ್ಳಿಯೂ ತನ್ನ ಬಾಗಿಲು ತೆರೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ನಮ್ಮ ಸುತ್ತಮುತ್ತ

ಕರ್ನಾಟಕದ ಇಂಜಿನಿಯರಿಂಗ್ ಶಿಕ್ಷಣದ ಚರಿತ್ರೆಯಲ್ಲಿ ಸರ್ಕಾರದ ಕೈಗೆ ಸಮನಾಗಿ ದಾನಿಗಳ ಕೈಯೂ ಇದೆ. 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು ಬಂತು. ಅದೇ ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರಿ, ಈಗ ಸ್ವಾಯತ್ತ ಸಂಸ್ಥೆಯಾಗಿದೆ. 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಸ್ವಂತ ಹಣದಿಂದ ಬೆಂಗಳೂರಿನಲ್ಲಿ ಕಾಲೇಜು ತೆರೆದರು. 1947ರಲ್ಲಿ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸೊಸೈಟಿಯವರು ಆರಂಭಿಸಿದ ಕಾಲೇಜು ಭೂಮರಡ್ಡಿಯವರ ಹೆಸರನ್ನು ಹೊತ್ತಿದೆ. 1960ರಲ್ಲಿ ಸುರತ್ಕಲ್ಲಿನ ಕಾಲೇಜು ಬರುವುದಕ್ಕೆ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನ ಕಾರಣ. ಅದೇ ವರ್ಷ ಕಾಫಿ ಜಿಲ್ಲೆಯಾದ ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಮಲೆನಾಡು ತಾಂತ್ರಿಕ ಶಿಕ್ಷಣ ಸೊಸೈಟಿ ಈ ಮೂವರ ಪಾಲುದಾರಿಕೆಯಲ್ಲಿ ನಿಂತಿತು. 1980ರಲ್ಲಿ ಶಿವಮೊಗ್ಗದಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿಯ ಕಾಲೇಜು, 1986ರಲ್ಲಿ ಅಡಿಕೆಯ ನಾಡಾದ ಸುಳ್ಯದಲ್ಲಿ ಸ್ವತಃ ಕೃಷಿಕರಾಗಿದ್ದ ಕುರುಂಜಿ ವೆಂಕಟ್ರಮಣ ಗೌಡರ ಕಾಲೇಜು. ಹೀಗೆ ಪಟ್ಟಿ ಬೆಳೆಯುತ್ತದೆ.

ವಿಶ್ವೇಶ್ವರಯ್ಯನವರದೇ ಇನ್ನೊಂದು ಸಂಗತಿ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಾವು ಇಟ್ಟುಕೊಳ್ಳದೆ, ಕೈಕಸುಬು ಕಲಿಸುವ ಶಾಲೆಗೆ ಬಳಸುವಂತೆ ಹೇಳಿದರು. 1943ರಲ್ಲಿ ಆರಂಭವಾದ ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದರ ಫಲ. ಈಚೆಗೆ 2023ರಲ್ಲಿ ಬೆಂಗಳೂರಿನವರೇ ಆದ ನಂದನ್ ನಿಲೇಕಣಿ ಅವರು ತಾವು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ ಮುಂಬಯಿಯ ಐ.ಐ.ಟಿ.ಗೆ 315 ಕೋಟಿ ರೂಪಾಯಿ ಕೊಟ್ಟರು. ಇಷ್ಟು ದೊಡ್ಡ ಅಂಕಿಗಳನ್ನು ಓದಿದಾಗ ನಮ್ಮ ವಂತಿಗೆಗೆ ಏನು ಬೆಲೆ ಎನಿಸುವುದು ಸಹಜ. ಆದರೆ ಕೋಟಿಗಳು ಹೋಗುವುದು ಕೋಟಿಯ ಕೆಲಸಗಳಿಗೆ. ಅಡಿಕೆ ಸುಲಿಯುವ ಯಂತ್ರದ ಹಲ್ಲು ಸವೆಯುವುದು ಏಕೆಂದು ನೋಡಲು ಯಾವ ಕೋಟ್ಯಧಿಪತಿಯೂ ದತ್ತಿ ಇಡುವುದಿಲ್ಲ.

ಬೆಳೆಗಾರರ ಸಹಕಾರ ಸಂಘವೊಂದು ಇಂಜಿನಿಯರಿಂಗ್ ಕಾಲೇಜಿನ ಜೊತೆ ಕೈಗೂಡಿಸಿದ್ದಕ್ಕೂ ಉದಾಹರಣೆ ಇದೆ. ಕ್ಯಾಂಪ್ಕೊ ಸಂಸ್ಥೆಯೂ ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜೂ ಸೇರಿ 2023ರಲ್ಲಿ ಕೃಷಿ ಯಂತ್ರ ಮೇಳ ನಡೆಸಿದವು. ಯಂತ್ರ ಮಾಡುವವರು, ಬಳಸುವವರು, ಕಲಿಯುವ ಹುಡುಗರು ಒಂದೇ ಅಂಗಳದಲ್ಲಿ ಸೇರಿದರು. ಮೇಳ ಮುಗಿದ ಮೇಲೆ ಉಳಿಯುವ ಕೆಲಸವನ್ನು ನಮ್ಮಂಥ ಸಣ್ಣ ಸಂಘಗಳು ಹಿಡಿಯಬಹುದು.

ವಿಭಾಗಕ್ಕೆ ನಿಜವಾಗಿ ಏನು ಬೇಕು?

ಇಲ್ಲಿ ದಾನಿಗಳ ಕಲ್ಪನೆಗೂ ವಿಭಾಗದ ಅಗತ್ಯಕ್ಕೂ ದೂರವಿದೆ. ದಾನಿಗೆ ಕಟ್ಟಡ ಇಷ್ಟ, ಇಲ್ಲವೆ ಫೋಟೋ ತೆಗೆಯಬಹುದಾದ ಯಂತ್ರ ಇಷ್ಟ. ನಾನು ಕಂಡ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಬೆಳೆಗಾರರೊಬ್ಬರು ಬಹಳ ಪ್ರೀತಿಯಿಂದ ಕೊಟ್ಟ ಡ್ರೈಯರ್ ಟಾರ್ಪಾಲಿನ ಕೆಳಗೆ ತುಕ್ಕು ಹಿಡಿಯುತ್ತಿತ್ತು. ಅದಕ್ಕೆ ಬೇಕಾದ ತ್ರೀಫೇಸ್ ಸಂಪರ್ಕ ಆ ಶೆಡ್ಡಿಗೆ ಇರಲಿಲ್ಲ, ಎಳೆಸಲು ಬಜೆಟ್ಟಿನಲ್ಲಿ ಹಣವಿರಲಿಲ್ಲ, ಸೌದೆ ತರಿಸಲು ನಿಯಮವಿರಲಿಲ್ಲ. ಉದ್ಘಾಟನೆಯ ದಿನದ ರಿಬ್ಬನ್ನಿನ ತುಂಡು ಮಾತ್ರ ಹಿಡಿಕೆಯಲ್ಲಿ ಇನ್ನೂ ಇತ್ತು.

ಪ್ರಾಧ್ಯಾಪಕರನ್ನು ಬಿಡುವಿನಲ್ಲಿ ಕೇಳಿದರೆ ಅವರು ಹೇಳುವ ಕೊರತೆಗಳು ಬೇರೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟು ಮಾಡಲೇಬೇಕು, ಆದರೆ ಅದಕ್ಕೆ ಕಬ್ಬಿಣ, ಬೇರಿಂಗು, ಮೋಟಾರು ಕೊಳ್ಳುವ ಹಣ ಹುಡುಗರ ಜೇಬಿನಿಂದಲೇ ಹೋಗುತ್ತದೆ. ಅಳತೆಯ ಉಪಕರಣಗಳನ್ನು ಆಗಾಗ ಸರಿನೋಡಿಸಬೇಕು, ಅದಕ್ಕೆ ಖರ್ಚಿದೆ. ವರ್ಕ್‌ಶಾಪಿನಲ್ಲಿ ಕೈ ಪಳಗಿದ ಒಬ್ಬ ಟೆಕ್ನಿಷಿಯನ್ ನಿವೃತ್ತನಾದರೆ ಆ ಜಾಗ ಖಾಲಿ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯ ಸಮಸ್ಯೆ ತಂದುಕೊಡುವವರಿಲ್ಲ. ಆದ್ದರಿಂದ ಅದೇ ಹಳೆಯ ಮಾದರಿಗಳು ವರ್ಷದಿಂದ ವರ್ಷಕ್ಕೆ ಹೊಸ ಬಣ್ಣ ಬಳಿದುಕೊಂಡು ಪರೀಕ್ಷಕರ ಮುಂದೆ ನಿಲ್ಲುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯವರು ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ದಶಕಗಳಿಂದ ನೆರವು ಕೊಡುತ್ತ ಬಂದಿದ್ದಾರೆ. ಸ್ಥಳೀಯ ಸಂಘದ ಬೆಂಬಲವೂ ಪ್ರಯೋಗಕ್ಕೆ ತೋಟವೂ ಇದ್ದರೆ ಅಂಥ ಅರ್ಜಿಗೆ ತೂಕ ಬರುತ್ತದೆ.

ಋತುಮಾನದ ಒಂದು ತೊಡಕನ್ನೂ ಹೇಳಬೇಕು, ಇದನ್ನು ಯಾರೂ ಗಮನಿಸುವುದಿಲ್ಲ. ಕಾಲೇಜಿನ ಪ್ರಾಜೆಕ್ಟುಗಳು ಮುಗಿಯುವುದು ಬಹುಮಟ್ಟಿಗೆ ಬೇಸಿಗೆಯ ಕೊನೆಯಲ್ಲಿ. ಅಡಿಕೆ ಕೊಯ್ಲಿನ ಯಂತ್ರ ಆ ಹೊತ್ತಿಗೆ ತಯಾರಾದರೆ ಮರದಲ್ಲಿ ಕೊಯ್ಯಲು ಹಣ್ಣಡಿಕೆಯೇ ಇರುವುದಿಲ್ಲ. ಬರುವ ವರ್ಷದ ಕೊಯ್ಲಿಗೆ ಹುಡುಗರು ಪಾಸಾಗಿ ಬೆಂಗಳೂರು ಸೇರಿರುತ್ತಾರೆ. ಕಾಫಿ ಪಲ್ಪರಿನ ಕೆಲಸವೂ ಹಾಗೆಯೇ, ಅರಾಬಿಕಾ ಹಣ್ಣು ಡಿಸೆಂಬರಿನಲ್ಲಿ ಕೈಯಲ್ಲಿರುವಾಗ ಯಂತ್ರ ಇನ್ನೂ ಕಾಗದದ ಮೇಲಿರುತ್ತದೆ. ಆದ್ದರಿಂದ ಮೊದಲ ವರ್ಷ ಮದ್ದು ಹೊಡೆಯುವ ಸಾಧನ, ದೋಟಿಯ ವಿದ್ಯುತ್ ಪರೀಕ್ಷೆ ಇಂಥ ಕೆಲಸ ಹಿಡಿಯುವುದು ಜಾಣತನ. ಮುಂಗಾರಿನ ಮುಂಚಿನ ಮೊದಲ ಸಿಂಪಡಣೆಗೂ ಕಾಲೇಜಿನ ಕ್ಯಾಲೆಂಡರಿಗೂ ಹೊಂದಿಕೆಯಾಗುತ್ತದೆ. ಕೊಯ್ಲಿನ ಯಂತ್ರಕ್ಕೆ ಎರಡು ತಂಡಗಳನ್ನು, ಒಂದರ ಹಿಂದೆ ಒಂದನ್ನು, ಎರಡು ವರ್ಷಕ್ಕೆ ಒಪ್ಪಿಸಬೇಕು. ರೊಬಸ್ಟಾದ ಹೂವಿಗೆ ಫೆಬ್ರವರಿ, ಮಾರ್ಚಿಯಲ್ಲಿ ಹಾಯಿಸುವ ಸ್ಪ್ರಿಂಕ್ಲರ್ ಪಂಪುಗಳ ಇಂಧನದ ಲೆಕ್ಕವೂ ಒಳ್ಳೆಯ ವಿಷಯ. ಪಲ್ಪರಿನ ಹುಳಿನೀರನ್ನು ಹಳ್ಳಕ್ಕೆ ಬಿಡುವ ಮುನ್ನ ಶುದ್ಧ ಮಾಡುವುದು ಸಿವಿಲ್ ವಿಭಾಗದವರಿಗೆ ಸೇರಿದ್ದು, ಅದಕ್ಕೆ ಪ್ರತ್ಯೇಕವಾಗಿ ಬರೆಯಬೇಕಾದೀತು.

ಹಣದ ಲೆಕ್ಕ

ಮೂಲನಿಧಿ ಇಟ್ಟು ಬಡ್ಡಿಯಲ್ಲಿ ಕೆಲಸ ನಡೆಸುವುದೇ ಶಾಶ್ವತ ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 200 ಜನ ಸದಸ್ಯರು ತಲಾ 2,500 ರೂಪಾಯಿ ಹಾಕಿದರೆ 5 ಲಕ್ಷ. ಶೇ. 6.5ರ ಠೇವಣಿಯಲ್ಲಿ ವರ್ಷಕ್ಕೆ 32,500 ರೂಪಾಯಿ ಬಡ್ಡಿ. ಅಷ್ಟನ್ನೂ ಖರ್ಚು ಮಾಡಿದರೆ ಮೂಲಧನ ಅಂಕಿಯಲ್ಲಿ ಉಳಿಯುತ್ತದೆ, ಬೆಲೆಯಲ್ಲಿ ಕರಗುತ್ತದೆ. ವಸ್ತುಗಳ ಬೆಲೆ ವರ್ಷಕ್ಕೆ ಶೇ. 5 ಏರುವುದಾದರೆ, ನಿಧಿಯ ಶಕ್ತಿ ಉಳಿಸಲು 25,000 ರೂಪಾಯಿಯನ್ನು ಮತ್ತೆ ನಿಧಿಗೇ ಸೇರಿಸಬೇಕು. ಖರ್ಚಿಗೆ ಸಿಕ್ಕುವುದು 7,500 ಮಾತ್ರ. ಟಾಟಾ ಅವರ ಕಟ್ಟಡಗಳಿಗೆ ಬಾಡಿಗೆ ಏರುತ್ತಿತ್ತು, ನಮ್ಮ ಠೇವಣಿಗೆ ಆ ಗುಣವಿಲ್ಲ. ಸಣ್ಣ ಬೆಳೆಗಾರರ ಸಂಘಕ್ಕೆ ಸಣ್ಣ ಮೂಲನಿಧಿ ಅಷ್ಟೊಂದು ಒಳ್ಳೆಯ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಅದಕ್ಕಿಂತ ವರ್ಷ ವರ್ಷದ ವಂತಿಗೆ ಮೇಲು. ಹಿಂದೆ ಮಂಡಿಗಳಲ್ಲಿ ಧರ್ಮಾದಾಯ ಎಂದು ಮೂಟೆಗೆ ಇಷ್ಟೆಂದು ಹಿಡಿಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಹಣ ಯಾವ ಧರ್ಮಕ್ಕೆ ಹೋಯಿತೆಂದು ಬೆಳೆಗಾರನಿಗೆ ಯಾರೂ ಲೆಕ್ಕ ಕೊಡುತ್ತಿರಲಿಲ್ಲ ಎಂಬುದೂ ನೆನಪಿರಬಹುದು. ಕೇಳದೆ ಹಿಡಿಯುವ ಆ ಪದ್ಧತಿ ಬೇಡ. ಒಪ್ಪಿದ ಸದಸ್ಯರು ಬರವಣಿಗೆಯಲ್ಲಿ ಕೊಟ್ಟರೆ ಸಂಘದಲ್ಲಿ ಮಾರಿದ ಕ್ವಿಂಟಲಿಗೆ 50 ರೂಪಾಯಿಯಂತೆ ಬೇರೆ ಖಾತೆಗೆ ಹಾಕಬಹುದು. ಕ್ವಿಂಟಲಿಗೆ 40,000 ರೂಪಾಯಿ ಸಿಕ್ಕುವ ಅಡಿಕೆಯಲ್ಲಿ ಇದು ಸಾವಿರಕ್ಕೆ ಒಂದೂಕಾಲು ರೂಪಾಯಿ. ಸಾವಿರ ಕ್ವಿಂಟಲು ಕೂಡಿದರೆ 50,000 ರೂಪಾಯಿ. ಇಷ್ಟರಲ್ಲಿ ಎರಡು ಮೂರು ವಿದ್ಯಾರ್ಥಿ ತಂಡಗಳ ಸಾಮಗ್ರಿಯ ಖರ್ಚು ನಡೆಯುತ್ತದೆ. ಬೆಲೆ ಕುಸಿದ ವರ್ಷ ಸದಸ್ಯ ಬೇಡವೆಂದು ಬರೆದುಕೊಟ್ಟರೆ ಯಾವ ವಿಚಾರಣೆಯೂ ಇಲ್ಲದೆ ನಿಲ್ಲಿಸಬೇಕು.

ಸಂಘದ ಲಾಭದಿಂದಲೇ ಕೊಡುವುದಾದರೆ 1959ರ ಸಹಕಾರ ಸಂಘಗಳ ಕಾಯಿದೆಯನ್ನೂ ನಮ್ಮ ಬೈಲಾವನ್ನೂ ಮೀರುವಂತಿಲ್ಲ. ಆಪದ್ಧನ ನಿಧಿ ಮೊದಲಾದವಕ್ಕೆ ಸಲ್ಲಬೇಕಾದದ್ದು ಸಂದ ಮೇಲೆ, ಮಹಾಸಭೆಯ ಒಪ್ಪಿಗೆ ಪಡೆದೇ ಕೊಡಬೇಕು. ಆಡಳಿತ ಮಂಡಲಿಯ ಠರಾವೊಂದೇ ಸಾಲದು.

ತೆರಿಗೆಯ ವಿಚಾರದಲ್ಲಿ ತಪ್ಪು ಕಲ್ಪನೆ ಬಹಳ. "80-ಜಿ ರಸೀದಿ ಸಿಗುತ್ತದೆ, ಕೊಟ್ಟದ್ದರಲ್ಲಿ ಅರ್ಧ ವಾಪಸು" ಎಂದು ಯಾರೋ ಹೇಳುವುದನ್ನು ಕೇಳಿದ್ದೇನೆ. ಹಾಗಲ್ಲ. ಆ ರಿಯಾಯಿತಿ ಕೇಂದ್ರದ ಆದಾಯ ತೆರಿಗೆ ಕಟ್ಟುವವರಿಗೆ. ಅರ್ಧ ಎನ್ನುವುದು ತೆರಿಗೆ ಹಾಕುವ ಆದಾಯದಿಂದ ಕಳೆಯುವ ಮೊತ್ತವೇ ಹೊರತು ಕೈಗೆ ಮರಳುವ ಹಣವಲ್ಲ. ಕೃಷಿ ಆದಾಯದ ಮೇಲೆ ಆ ತೆರಿಗೆಯೇ ಇಲ್ಲದ್ದರಿಂದ, ಬೇರೆ ಆದಾಯವಿಲ್ಲದ ಬೆಳೆಗಾರನಿಗೆ ರಸೀದಿಯಿಂದ ಲಾಭ ಸೊನ್ನೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ನೌಕರ ಮಕ್ಕಳಿಗೂ ಅದು ಸಿಗುವುದಿಲ್ಲ. 2,000 ರೂಪಾಯಿ ಮೀರಿ ನಗದಿನಲ್ಲಿ ಕೊಟ್ಟರೆ ಯಾರಿಗೂ ಇಲ್ಲ. ಆದ್ದರಿಂದ ತೆರಿಗೆಯ ಆಸೆಯಿಂದ ಯಾರೂ ಕೊಡುವುದು ಬೇಡ.

ವಿದೇಶದಲ್ಲಿರುವ ನಮ್ಮ ಮಕ್ಕಳಿಂದ ಹಣ ತರಿಸುವ ಮಾತು ಎಲ್ಲ ಸಭೆಗಳಲ್ಲೂ ಬರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟು ಇಟ್ಟುಕೊಂಡಿರುವ ಮಗ ಅಥವಾ ಮಗಳು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಅವರು ಅಮೆರಿಕದ ಪೌರತ್ವ ಪಡೆದಿದ್ದರೆ ಎನಿಸುತ್ತದೆ. ಆಗ ಹಣ ಪಡೆಯುವ ಸಂಸ್ಥೆ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಮಾಡಿಸಿರಬೇಕು, ಹಣವೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೇ ಬರಬೇಕು. ನಮ್ಮ ಸಂಘದ ಖಾತೆಗೆ ತರಿಸಿ ಆಮೇಲೆ ಕಾಲೇಜಿಗೆ ಕೊಡೋಣ ಎಂಬ ಸುಲಭೋಪಾಯ ಕಾನೂನಿನ ಮುಂದೆ ನಿಲ್ಲದು. ಕಾಫಿ ಕೊಳ್ಳುವ ದೊಡ್ಡ ಕಂಪೆನಿಗಳನ್ನು ಕೇಳುವುದು ಅದಕ್ಕಿಂತ ನೇರ. 2013ರ ಕಂಪೆನಿ ಕಾಯಿದೆಯಂತೆ ನಿಗದಿತ ಗಾತ್ರದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡಬೇಕು, ಶಿಕ್ಷಣ ಅದರಲ್ಲಿ ಸೇರಿದೆ. ಸಂಘವೂ ಕಾಲೇಜೂ ಸೇರಿ ಬರೆದ ಒಂದು ಅರ್ಜಿ ಅವರ ಮೇಜಿಗೆ ಹೋಗಬೇಕಷ್ಟೆ.

ಒಡಂಬಡಿಕೆಯಲ್ಲಿ ಏನಿರಬೇಕು

ಚೆಕ್ಕು ಸಂಸ್ಥೆಯ ಹೆಸರಿಗೆ ಹೋಗಲಿ, ವಿಭಾಗದ ಮುಖ್ಯಸ್ಥರು ಎಷ್ಟೇ ಸಜ್ಜನರಾಗಿದ್ದರೂ ಅವರ ಹೆಸರಿಗೆ ಬೇಡ. ಹಣ ಯಾವ ವಿಭಾಗಕ್ಕೆ, ಯಾವ ಕೆಲಸಕ್ಕೆ ಎಂಬುದು ಒಡಂಬಡಿಕೆಯ ಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಅದು ಸಾಮಾನ್ಯ ನಿಧಿಗೆ ಸೇರಿ ಕಾಂಪೌಂಡಿಗೆ ಸುಣ್ಣ ಬಳಿಯಲು ಹೋದೀತು. ವರ್ಷದ ಕೊನೆಗೆ ವಿನಿಯೋಗದ ಪ್ರಮಾಣಪತ್ರ ಪಡೆದು ಮಹಾಸಭೆಯಲ್ಲಿ ಓದಬೇಕು. ಎರಡನೆಯ ವರ್ಷದ ಹಣ ಅದರ ನಂತರವೇ ಹೋಗಬೇಕು.

ಯಂತ್ರದ ಮೇಲಿನ ಹಕ್ಕು ಯಾರದು ಎಂಬುದನ್ನು ಹಣ ಕೊಡುವ ಮೊದಲೇ ಮಾತಾಡಬೇಕು. ಆಮೇಲೆ ಮಾತಾಡಿದರೆ ಜಗಳ. ನಮ್ಮ ದೇಶದಲ್ಲಿ ಪೇಟೆಂಟಿನ ಅವಧಿ 20 ವರ್ಷ. ಪೇಟೆಂಟು ಕಾಲೇಜಿನ ಹೆಸರಿನಲ್ಲೇ, ವಿದ್ಯಾರ್ಥಿಗಳ ಹೆಸರಿನಲ್ಲೇ ಇರಲಿ. ನಮಗೆ ಬೇಕಾದದ್ದು ಇಷ್ಟು: ಸಂಘದ ಸದಸ್ಯರಿಗೆ ಅದನ್ನು ಮಾಡಿಸಿಕೊಳ್ಳಲು, ಬಳಸಲು ಹಕ್ಕು, ಮತ್ತು ಊರಿನ ವರ್ಕ್‌ಶಾಪಿಗೆ ನ್ಯಾಯವಾದ ದರದಲ್ಲಿ ಪರವಾನಗಿ. ಇನ್ನೊಂದು ಸೂಕ್ಷ್ಮವಿದೆ. ಅರ್ಜಿ ಹಾಕುವ ಮೊದಲೇ ಯಂತ್ರವನ್ನು ಮೇಳದಲ್ಲಿಟ್ಟು ಎಲ್ಲರಿಗೂ ತೋರಿಸಿದರೆ, ಪತ್ರಿಕೆಯಲ್ಲಿ ಚಿತ್ರ ಹಾಕಿಸಿದರೆ, ಅದು ಹೊಸದಲ್ಲವೆಂದು ಪೇಟೆಂಟು ಕೈತಪ್ಪಬಹುದು. ಉತ್ಸಾಹದ ಹುಡುಗರಿಗೂ, ಫೋಟೋ ಪ್ರಿಯರಾದ ನಮಗೂ ಇದನ್ನು ಹೇಳಿಡಬೇಕು.

ಪ್ರಯೋಗದ ಹೊತ್ತಿನಲ್ಲಿ ಅಪಘಾತವಾದರೆ ಜವಾಬ್ದಾರಿ ಯಾರದು, ವಿಮೆ ಯಾರು ಮಾಡಿಸಬೇಕು ಎಂಬುದೂ ಪತ್ರದಲ್ಲಿ ಬರಬೇಕು. ಮರ ಹತ್ತುವ ಸಾಧನದ ಮೊದಲ ಪರೀಕ್ಷೆ ಮರಳಿನ ಮೂಟೆಯೊಡನೆ ಆಗಲಿ, ಮನುಷ್ಯನೊಡನೆ ಅಲ್ಲ. ಪರೀಕ್ಷೆ ಮಾಡುವ ತಂಡದಲ್ಲಿ ದಿನವೂ ಮರ ಹತ್ತುವ ಒಬ್ಬ ಕೆಲಸಗಾರ ಕೂಲಿ ಪಡೆದು ಕುಳಿತಿರಲಿ. ಬೆಳೆಗಾರನಿಗಿಂತ, ಪ್ರಾಧ್ಯಾಪಕನಿಗಿಂತ ಹೆಚ್ಚು ತಿಳಿದವನು ಅವನು. ಅವನ ಮಾತು ವರದಿಯಲ್ಲಿ ಬರೆದಿರಬೇಕು.

ಫೀಸಿನ ಪ್ರಶ್ನೆಗೆ ಈಗ ಮರಳಬಹುದು. ಫೀಸು ವಿದ್ಯಾರ್ಥಿಗೆ ಪಾಠ ಹೇಳುವುದಕ್ಕೆ ಸಂದ ಹಣ, ನಮ್ಮ ತೋಟದ ಸಮಸ್ಯೆಯನ್ನು ಬಿಡಿಸುವುದಕ್ಕೆ ಅಲ್ಲ. ಕಾಲೇಜು ಸರ್ಕಾರದ್ದೇ ಇರಲಿ, ಖಾಸಗಿಯದೇ ಇರಲಿ, ನಾವು ಕೊಡುವುದು ಅದರ ಆಡಳಿತ ಮಂಡಲಿಗಲ್ಲ, ನಿರ್ದಿಷ್ಟವಾದ ಒಂದು ಕೆಲಸಕ್ಕೆ. ಫೀಸಿನ ಹಣದಲ್ಲಿ ಕಾರಂಜಿ ಕಟ್ಟಿಸುವ ಕಾಲೇಜಿಗೆ ಹೋಗುವುದು ಬೇಡ. ವರ್ಕ್‌ಶಾಪಿನ ನೆಲದಲ್ಲಿ ಎಣ್ಣೆಯ ಕಲೆ, ಕಬ್ಬಿಣದ ಪುಡಿ ಕಾಣುವ ವಿಭಾಗವನ್ನು ಹುಡುಕೋಣ.

ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲಾಗಿದೆ. ಅದಕ್ಕೆ ಮೊದಲು ಸದಸ್ಯರು ತಮ್ಮ ತೋಟದ ಕೆಲಸದಲ್ಲಿ ಯಂತ್ರದಿಂದ ಆಗಬೇಕಾದ ಒಂದು ಸಂಗತಿಯನ್ನು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ಕೊಡಬೇಕು. "ಯಂತ್ರ ಬೇಕು" ಎಂದಷ್ಟೇ ಬರೆದರೆ ಇಂಜಿನಿಯರಿಗೆ ಅರ್ಥವಾಗದು. ಮರದ ಎತ್ತರ ಎಷ್ಟು ಅಡಿ, ಇಳಿಜಾರು ಎಷ್ಟು, ಮರದಿಂದ ಮರಕ್ಕೆ ಅಂತರ ಎಷ್ಟು, ದಿನಕ್ಕೆ ಎಷ್ಟು ಕೊನೆ ಅಥವಾ ಎಷ್ಟು ಕಿಲೋ ಕೆಲಸ, ಕರೆಂಟು ಸಿಂಗಲ್ ಫೇಸೇ ತ್ರೀಫೇಸೇ, ಯಂತ್ರಕ್ಕೆ ಎಷ್ಟರವರೆಗೆ ಹಣ ಹಾಕಬಲ್ಲಿರಿ ಎಂದು ಬರೆಯಿರಿ. ಪ್ರಯೋಗಕ್ಕೆಂದು ಹತ್ತಿಪ್ಪತ್ತು ಮರ ಅಥವಾ ಒಂದು ಸಾಲು ಕಾಫಿ ಗಿಡ ಬಿಟ್ಟುಕೊಡಬಲ್ಲವರು ಅದನ್ನೂ ಅದೇ ಕಾರ್ಡಿನಲ್ಲಿ ಸೂಚಿಸಬೇಕು. ಕೊನೆಯ ವರ್ಷದ ತರಗತಿಗಳು ಆರಂಭವಾಗುತ್ತಲೇ ಹುಡುಗರು ವಿಷಯ ಆರಿಸಿಕೊಳ್ಳುವುದರಿಂದ ಕಾರ್ಡುಗಳು ಅದಕ್ಕೆ ಒಂದು ತಿಂಗಳು ಮುಂಚೆಯೇ ನಮ್ಮ ಕೈಸೇರಿರಬೇಕು.